ಸ್ವಿಚ್ಚಿನ ಮೇಲೆ ಅಮ್ಮನ ಕೈ

ಹಳೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋದ ಮೇಲೆ, ಗುಡುಗು ಕೇಳಿಸಿದರೆ ಮೊದಲು ಸ್ವಿಚ್ ಆರಿಸು ಎಂದು ಅಮ್ಮನಿಗೆ ಗದರಿ ಗದರಿ ಕಲಿಸಿದವನು ನಾನೇ.

ಅರಸೀಕೆರೆಯಿಂದ ಅಗ್ಗಕ್ಕೆ ತಂದ ಹೊಸದನ್ನು ಓವರ್‌ಕ್ಲಾಕ್ ಮಾಡಿ ಮಿತಿಗಿಂತ ಜೋರಾಗಿ ಓಡಿಸುವ ದುರಾಸೆಗೆ ಬಿದ್ದು, ಅವತ್ತು ಮದರ್‌ಬೋರ್ಡಿನ ಬಯೋಸ್ ಎಂಬ ಮೂಲ ತಂತ್ರಾಂಶವನ್ನು ಅಪ್‌ಡೇಟ್‌ಗೆ ಹಾಕಿ ಕೂತಿದ್ದೆ. ನಡುವೆ ಕರೆಂಟ್ ಹೋದರೆ ಬೋರ್ಡು ಸತ್ತಂತೆಯೇ. ಅರವತ್ತು ಪರ್ಸೆಂಟ್ ಆಗಿದ್ದಾಗ ತೋಟದ ಕಡೆ ಗುಡುಗಿತು. ಅಂಗಳದಲ್ಲಿ ಕೊಬ್ಬರಿ ಮುಚ್ಚುತ್ತಿದ್ದ ಅಮ್ಮ ಓಡಿಬಂದು ಸ್ವಿಚ್ಚಿಗೆ ಕೈಹಾಕಿದಳು. ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಬಿಟ್ಟೆ.

"ನೀನೇ ಹೇಳ್ಕೊಟ್ಟಿದ್ದಲ್ವೇನೋ," ಎಂದಳು.

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ನೂರಾಯಿತು. ಕಂಪ್ಯೂಟರು ಆರಿ, ಮತ್ತೆ ಶುರುವಾಯಿತು.

"ಮುಗೀತಾ? ಹಂಗಾದ್ರೆ ಕೈ ಬಿಡಪ್ಪ," ಎಂದಳು ಅಮ್ಮ ಮೆಲ್ಲಗೆ. "ಬಳೆ ಒಡೆದು ಚುಚ್ತಾ ಐತೆ."