ಮೊಲದ ಕಣ್ಣಿಗೆ ತುಂಬಿದ ಮಸಿ

ಮಾನ್ಯರೇ, ಎಂಟನೆಯ ವಯಸ್ಸಿನಲ್ಲಿ ನಾನೊಂದು ಮೊಲವನ್ನು ಕುರುಡು ಮಾಡಿದ್ದೇನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಇವತ್ತು ನಾನೀಗಿರುವ ಪರದೇಶದ ಊರು ಸ್ಯಾನ್ ರಮೋನ್‌ನ ಲೈಬ್ರರಿಯಲ್ಲಿ ಮಗಳು ತೆರೆದ ಪುಸ್ತಕದಲ್ಲಿ ಅದೇ ಮೊಲ ಕೂತಿತ್ತು. ಐನೂರು ವರ್ಷದ ಹಿಂದೆ ಜರ್ಮನಿಯ ಕಲಾವಿದನೊಬ್ಬ ಜಲವರ್ಣದಲ್ಲಿ ರೋಮರೋಮವನ್ನೂ ಬಿಡಿಸಿದ ಕಾಡುಮೊಲ.

ಧಾರವಾಡದಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ನಮ್ಮ ಕಾಕಾ ಕ್ಯಾಲೆಂಡರ್ ನೋಡಿ ಅದನ್ನು ನಕಲು ಮಾಡುತ್ತಿದ್ದರು. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಂಡು, ರವಿವಾರಕ್ಕೊಂದು ಕಿವಿಯಂತೆ. ನನ್ನನ್ನೂ ತಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ಜೋರಾಗಿ ಉಸಿರು ಬಿಡಬ್ಯಾಡ್ರಿ, ಕೂದಲ ಹಾರ್ತಾವ" ಎನ್ನುತ್ತಿದ್ದರು. ತಂಗಿ ನಿಜವಾಗಿಯೂ ಉಸಿರು ಹಿಡಿಯುತ್ತಿದ್ದಳು.

ಮೊಲದ ಕಣ್ಣಿನಲ್ಲಿ ಪುಟ್ಟದೊಂದು ಬಿಳಿ ಚುಕ್ಕೆಯಿತ್ತು. ಕಾಕಾ ಬಣ್ಣ ತುಂಬಲು ಮರೆತಿದ್ದಾರೆಂದುಕೊಂಡು, ಅವರ ಕಣ್ಣು ತಪ್ಪಿಸಿ ಮೊಲದ ಕಣ್ಣಿಗೆ ಕೈಹಾಕಿದೆ. ಮಸಿ ತುಂಬಿದ್ದೇ ತಡ, ಮೊಲ ಸತ್ತಂತಾಯಿತು.

"ಅದು ಕಿಟಕ್ಯಾಗಿನ ಬೆಳಕಪಾ! ಯಾರ ಮುಚ್ಚಿದ್ರೋ ಇದನ್ನ?" ಎಂದು ಕಾಕಾ ಕುಂಚ ಕೆಳಗಿಟ್ಟರು.

ಮಗಳಿಗೆ ಇಷ್ಟು ಹೇಳಿ ಎದೆಯುಬ್ಬಿಸಿದೆ. "ನಾನೇ ಕಾಕಾ, ಅಂತ ತಕ್ಷಣ ಒಪ್ಕೊಂಡೆ. ಸತ್ಯ ಹೇಳೋಕೆ ಧೈರ್ಯ ಬೇಕು, ಪುಟ್ಟಿ."

"ವಾವ್ ಅಪ್ಪಾ, ಸೋ ಬ್ರೇವ್!"

ನಿಜವೇನೆಂದರೆ, ಅಂದು ನಾನು ತಂಗಿಯತ್ತ ಬೆರಳು ತೋರಿಸಿದ್ದೆ. ಕಾಕಾ ಮತ್ತೆಂದೂ ಅವಳನ್ನು ಬಣ್ಣದ ಹತ್ತಿರ ಕೂರಿಸಿಕೊಳ್ಳಲಿಲ್ಲ. ಅವಳೀಗ ಪಕ್ಕದ ಊರು ಡ್ಯಾನ್‌ವಿಲ್‌ನಲ್ಲಿದ್ದಾಳೆ, ಕಾರಿನಲ್ಲಿ ಹತ್ತು ನಿಮಿಷದ ದಾರಿ. ಎದುರು ನಿಂತು ಹೇಳುವಷ್ಟು ಧೈರ್ಯ ಈಗಲೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.