ನಮ್ಮಪ್ಪ ಮಿಸ್ಟರ್ ಆಗಿದ್ದಾಗ

...ಹೀಗೆ ಬಿಳಿ ದೊರೆ ಶಿಗ್ಗಾಂವದ ಬಂಗಲೆಯಲ್ಲಿ ಕೈಕುಲುಕಿ "ಮಿಸ್ಟರ್" ಅಂದಿದ್ದೇ ತಡ, ನಮ್ಮಪ್ಪ ಬಸಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಲಗೂರಿನವರೆಲ್ಲ ಅವನನ್ನು ಮಿಸ್ಟರ್ರು ಅಂತಲೇ ಕರೆಯಬೇಕಾಯಿತು. ನಿಜವಾದ ಹೆಸರು ಪರವೂರಿನವರಿಗೆ ಗೊತ್ತೇ ಇರಲಿಲ್ಲ. ಇವತ್ತು ಪಾರ್ಸಲ್ ತಂದ ಹುಡುಗ ನನ್ನ ಮೊಮ್ಮಗನಿಗೆ "ಮಿಸ್ಟರ್" ಅಂದಾಗ ನನ್ನ ಎದೆ ಧಸಕ್ಕೆಂದಿದ್ದು ಅದಕ್ಕೇ.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಂಬಿದ್ದ ಅವ್ವನಿಗಂತೂ ಅನುಕೂಲವೇ ಆಯಿತು. "ಮಿಸ್ಟರ್ರು ಉಂಡ್ರೇನ?" ಅಂತ ನನ್ನನ್ನು ಕೇಳುತ್ತಿದ್ದಳು.

ಆಮೇಲೆ ಚಲೇಜಾವ್ ಗದ್ದಲ ಶುರುವಾಯಿತು. ಚಾವಡಿಗಳು ಸುಟ್ಟುಹೋದವು. ದೊರೆಗಳ ಕಡೆಯವರಿಗೆ ಬಡಿಗೆ ಏಟು ಬೀಳತೊಡಗಿದವು. ಒಂದು ಸಂಜೆ ಮುಖಕ್ಕೆ ರುಮಾಲು ಸುತ್ತಿದ ಪರವೂರ ಮಂದಿ ನಮ್ಮ ಬಾಗಿಲಿಗೆ ಬಂದರು. ಅಪ್ಪ ಹರಕು ಧೋತರ ಉಟ್ಟು ಕೊಟ್ಟಿಗೆಯಲ್ಲಿದ್ದ.

"ಮಿಸ್ಟರ್ ಎಲ್ಲದಾನ?"

"ಸವಣೂರಿಗೆ ಹೋಗ್ಯಾರ್ರಿ," ಅಂದಳು ಅವ್ವ.

"ಮತ್ತ ಅಂವ ಯಾರು?"

"ನಮ್ಮ ಆಳು."

ಬಡಿಗೆ ಹಿಡಿದವನೊಬ್ಬ ನಕ್ಕ. "ಹಂಗಾರ ಹೆಸರು ಹಿಡದು ಕರಿ ನೋಡೂಣು, ಯಕ್ಕಾ."

ಅವ್ವ ನನ್ನ ಭುಜ ಬಿಟ್ಟು ಕೊಟ್ಟಿಗೆಯ ಕಡೆ ತಿರುಗಿದಳು. "ಏ ಬಸ್ಯಾ! ಏನ್ ನೋಡಾಕತ್ತೀಯೋ ದನದಂಗ? ಎಮ್ಮಿ ಬಿಚ್ಚು!"

ಅಪ್ಪ ತಲೆ ತಗ್ಗಿಸಿ ಬಿಚ್ಚಿದ. ಯಾವ ಹೆಂಡತಿಯೂ ಗಂಡನನ್ನು ಹಾಗೆ ಕರೆಯಲಾರಳು ಅಂತ ನಂಬಿ ಅವರು ಹೊರಟುಹೋದರು.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ನಗಲಿಲ್ಲ. ಆ ಚಳಿಗಾಲದಲ್ಲಿ ಅಪ್ಪನಿಗೆ ಕೆಮ್ಮು ಹತ್ತಿತು. ಅವನು ಕೆಮ್ಮಿದಾಗಲೆಲ್ಲ ಅವ್ವ ಸೆರಗಿನಿಂದ ತನ್ನ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ಅಜ್ಜೀ, ಊಟಕ್ಕ ಬಾ, ರೊಟ್ಟಿ ಆರಾಕತ್ತಾವು!" ಒಳಗಿನಿಂದ ಮೊಮ್ಮಗ ಕೂಗಿದ.