ಸಕ್ಕರೆ ಡಬ್ಬಕ್ಕೆ ಕಳ್ಳಹೆಜ್ಜೆ

ಅರಳು ಹುರಿದಂತೆ ಮಾತಾಡುವ ನಮ್ಮ ದೊಡ್ಡಮ್ಮ ಇಂಗ್ಲಿಷ್ ಟೀಚರ್. ‘ಸ್ನೀಕ್’ ಎಂಬ ಪದವನ್ನು ಬಾಯಲ್ಲಿ ವಿವರಿಸಿದರೆ ಅವರಿಗೆ ಸಮಾಧಾನವಿಲ್ಲ. ಚಪ್ಪಲಿ ಕಳಚಿ, ತುದಿಗಾಲಲ್ಲಿ ಬಾಗಿಲಿನಿಂದ ಕೊನೆಯ ಬೆಂಚಿನವರೆಗೆ ನಡೆದು ತೋರಿಸುತ್ತಾರೆ. "ಸುಮ್ನೆ ಮೆಲ್ಲಗೆ ನಡೆದ್ರೆ ಸ್ನೀಕ್ ಅಲ್ಲ, ಮನಸ್ಸಲ್ಲಿ ಕಳ್ಳತನ ಇರಬೇಕು!"

ಡಾಕ್ಟರು ಸಿಹಿ ಬಿಡಿಸಿದ ಮೇಲೆ ಈ ವಿದ್ಯೆ ಮನೆಯಲ್ಲೂ ಕೆಲಸಕ್ಕೆ ಬಂತು. ಮೊನ್ನೆ ಮಧ್ಯಾಹ್ನ ದೊಡ್ಡಪ್ಪ ಪೇಪರಿನಲ್ಲಿ ಮುಳುಗಿದ್ದಾಗ, ದೊಡ್ಡಮ್ಮ ಬೆಕ್ಕಿನ ಹೆಜ್ಜೆಯಿಟ್ಟು ಅಡುಗೆಮನೆ ಸೇರಿ ಸಕ್ಕರೆ ಡಬ್ಬಕ್ಕೆ ಕೈಹಾಕಿದರು.

"ಡಬ್ಬ ಮುಚ್ಚೇ," ದೊಡ್ಡಪ್ಪ ತಲೆಯೆತ್ತದೆಯೇ ಕೂಗಿದರು.

"ನಿಮಗೆ ಹೇಗ್ರೀ ಗೊತ್ತಾಯ್ತು? ನಾನು ಸದ್ದೇ ಮಾಡ್ಲಿಲ್ವಲ್ಲ!"

"ಅದಕ್ಕೇ ಕಣೇ ಗೊತ್ತಾಗಿದ್ದು. ಮದ್ವೆ ಆದಾಗಿಂದ ಈ ಮನೇಲಿ ನಿನ್ನ ಸದ್ದು ನಿಂತಿದ್ದು ಇದೇ ಮೊದಲು."